ಡ್ರೈವರನ್ನು ಕರೆತರಲು ಬಲಸಮುದ್ರಕ್ಕೆ

ಮಧುಗಿರಿಯಿಂದ ಪಾವಗಡಕ್ಕೆ ಬೆಳಿಗ್ಗೆ ಏಳೂಕಾಲಿನ ಬಸ್ಸು. ಟಿಕೀಟು ಮೂರು ರೂಪಾಯಿ ಇಪ್ಪತ್ತು ಪೈಸೆ. ಹದಿನಾಲ್ಕು ಬಸ್ಸುಗಳ ಮಾಲೀಕನಾದ ನಾನು ಅವತ್ತು ಬೇರೆಯವರ ಬಸ್ಸಿನಲ್ಲಿ ದುಡ್ಡು ಕೊಟ್ಟು ಕೂತಿದ್ದೆ. ನಮ್ಮದು ಶಿರಾ, ಮಧುಗಿರಿ, ಕೊರಟಗೆರೆ, ಹೊಳವನಹಳ್ಳಿಯ ಲೈನು. ಪಾವಗಡದ ದಾರಿಗೆ ನಮ್ಮ ಗಾಡಿ ಇರಲಿಲ್ಲ. ತುರ್ತು ಪರಿಸ್ಥಿತಿ ಕಳೆದ ಮರುವರ್ಷದ ಮಾರ್ಗಶಿರ. ಕಿಟಕಿಗೆ ಗಾಜಿರಲಿಲ್ಲ, ಚಳಿಗೆ ಕಿವಿ ಮರಗಟ್ಟುತ್ತಿತ್ತು. ನಮ್ಮ ಹಳೆಯ ಡ್ರೈವರ್ ಅಂಜಿನಪ್ಪ ಕೆಲಸ ಬಿಟ್ಟು ತನ್ನೂರು ಬಲಸಮುದ್ರಕ್ಕೆ ಹೋಗಿ ಒಂಬತ್ತು ದಿನವಾಗಿತ್ತು. ಅವನನ್ನು ಹೇಗಾದರೂ ಮಾಡಿ ಕರೆತರಬೇಕಿತ್ತು.

ಅವನು ಬಿಟ್ಟುಹೋದದ್ದಕ್ಕೆ ಕಾರಣ ನಾನೇ. ಆರನೇ ನಂಬರಿನ ಬಸ್ಸಿಗೆ ಬ್ರೇಕು ಸರಿಯಿಲ್ಲ, ನಾಳೆ ಬಿಡಬೇಡಿ ಎಂದು ಮೆಕ್ಯಾನಿಕ್ಕು ಸಂಜೆ ಹೇಳಿದ್ದನಂತೆ. ನಾನು "ಆಯ್ತು ಕಣಯ್ಯ" ಎಂದಿದ್ದೆನಂತೆ. ಬೆಳಿಗ್ಗೆ ಡ್ಯೂಟಿ ಚಾರ್ಟು ಬರೆಯುವಾಗ ಅದೇ ಬಸ್ಸನ್ನು ಅಂಜಿನಪ್ಪನ ಹೆಸರಿಗೆ ಬರೆದೆ. ಕೊರಟಗೆರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಅವನು ಬಸ್ಸನ್ನು ರಸ್ತೆ ಪಕ್ಕದ ರಾಗಿ ಹುಲ್ಲಿನ ಮೆದೆಗೆ ನುಗ್ಗಿಸಿ ನಿಲ್ಲಿಸಿದ. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಸುದ್ದಿ ತಂದವನಿಗೆ ನಾನು ಆಡಿದ ಮೊದಲ ಮಾತು "ಹತ್ತು ಗಂಟೆ ಟ್ರಿಪ್ಪು ತಪ್ಪಿತಲ್ಲೋ!" ಅದು ಅಂಜಿನಪ್ಪನ ಕಿವಿಗೂ ಬಿತ್ತು. ಸಂಜೆ ಬಂದು ಮೇಜಿನ ಮೇಲೆ ಕೀಲಿಕೈ ಇಟ್ಟು ಹೋಗಿಬಿಟ್ಟ.

ಆ ದಿನಗಳಲ್ಲಿ ನಾನಿದ್ದದ್ದೇ ಹಾಗೆ. ಮೊದಲ ಬಸ್ಸಿಗೆ ಮುಂಚೆ ಆಫೀಸಿಗೆ ಹೋದರೆ ಕೊನೆಯ ಬಸ್ಸು ಶೆಡ್ಡಿಗೆ ಬಂದ ಮೇಲೇ ಮನೆ. ನಿದ್ದೆಯಲ್ಲೂ ಹಾರನ್ನು ಕೇಳಿಸುತ್ತಿತ್ತು. ತಿಂದದ್ದು ಇಡ್ಲಿಯೋ ಉಪ್ಪಿಟ್ಟೋ ನೆನಪಿರುತ್ತಿರಲಿಲ್ಲ. ತಮ್ಮ ಶಿವಣ್ಣ ನಾಲ್ಕು ವರ್ಷದಿಂದ "ಚಾರ್ಟು ನಾನು ಬರೀತೀನಿ ಅಣ್ಣಾ" ಎನ್ನುತ್ತಿದ್ದ. ನಿನ್ನ ಕೈಲಿ ಆಗುವ ಕೆಲಸವಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆ. ನಾನು ಸೀಟಿ ಊದದಿದ್ದರೆ ಮಧುಗಿರಿಯಿಂದ ಒಂದು ಚಕ್ರವೂ ಉರುಳುವುದಿಲ್ಲ ಎಂದೇ ನಂಬಿದ್ದೆ.

ಮಿಡಿಗೇಶಿಯಲ್ಲಿ ಬಸ್ಸು ಆರು ನಿಮಿಷ ಜಾಸ್ತಿ ನಿಂತಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕಂಡಕ್ಟರಿಗೆ ಟೈಮು ತೋರಿಸಿ ಬಯ್ಯತೊಡಗಿದೆ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಕುರಿಗಾಹಿ ಮುದುಕ ನನ್ನ ಅಂಗಿ ಜಗ್ಗಿದ.

"ಕೂತ್ಕಳಪ್ಪಾ. ಬಸ್ಸೇನು ನಿಂದಾ?"

"ಅಲ್ಲ," ಎಂದೆ.

"ಮತ್ಯಾಕಂಗೆ ಬಡ್ಕಂತೀಯ? ಹೊಂಟಾಗ ಹೊಂಟೇ ಹೊಂಟದೆ ಬುಡು."

ಸುತ್ತ ಕೂತವರೆಲ್ಲ ನಕ್ಕರು. ನನಗೆ ಸಿಟ್ಟು ಬಂದರೂ ತೆಪ್ಪಗೆ ಕೂತೆ. ಮುದುಕ ಗಂಟಿನಿಂದ ಹುರಿದ ಕಡಲೆಕಾಯಿ ತೆಗೆದು ಒಂದು ಹಿಡಿ ಕೊಟ್ಟ.

ಪಾವಗಡ ಮುಟ್ಟಿದಾಗ ಹತ್ತು ಗಂಟೆ. ಬೆಟ್ಟದ ಬಂಡೆಗಳು ಬಿಸಿಲಿಗೆ ಕಾಯತೊಡಗಿದ್ದವು. ಬಸ್‌ ಸ್ಟ್ಯಾಂಡಿನ ಮುಂದೆ ಇಪ್ಪತ್ತೈದು ಪೈಸೆಗೆ ಟೀ ಕುಡಿದೆ. ಅಲ್ಲಿ ತೆಲುಗು, ಕನ್ನಡ ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಬಲಸಮುದ್ರದ ಕಡೆಯ ಬಸ್ಸು ಮಧ್ಯಾಹ್ನಕ್ಕೇ ಎಂದರು. ಕಡಲೆಕಾಯಿ ತುಂಬಿಕೊಳ್ಳಲು ಹೊರಟಿದ್ದ ಲಾರಿಯೊಂದು ಸಿಕ್ಕಿತು. ಒಂದು ರೂಪಾಯಿ ಕೊಟ್ಟು ಖಾಲಿ ಚೀಲಗಳ ಮೇಲೆ ಕೂತು ಹೋದೆ. ದಾರಿಯುದ್ದಕ್ಕೂ ಕೆಂಪು ಧೂಳು. ಊರು ಸೇರುವಾಗ ನನ್ನ ಬಿಳಿ ಪಂಚೆ ಯಾವ ಬಣ್ಣದ್ದೆಂದು ಹೇಳುವಂತಿರಲಿಲ್ಲ.

ಅಂಜಿನಪ್ಪ ಮನೆ ಮುಂದಿನ ಹೊಂಗೆ ಮರದಡಿ, ಕಿತ್ತ ಗಿಡಗಳಿಂದ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ಟವೆಲ್ಲಿನಿಂದ ಮಂಚ ಝಾಡಿಸಿದ. ಅವನ ಹೆಂಡತಿ ಗಂಗಮ್ಮ ಒಳಗಿನಿಂದ "ಲೋಪಲಿಕಿ ರಾ ಸಾಮೀ" ಎಂದು ಕರೆದಳು. ನಾನು ಒಳಗೆ ಹೋಗದೆ ಮಂಚದ ಮೇಲೆ ಕೂತು, ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದನ್ನು ಒದರಿದೆ. ಸಂಬಳ ಏರಿಸುತ್ತೇನೆ, ಹೊಸ ಬಸ್ಸು ಕೊಡುತ್ತೇನೆ, ಶಿರಾ ಲೈನಿನ ರೆಸ್ಟ್ ರೂಮಿಗೆ ಹೊಸ ಹಾಸಿಗೆ ಹಾಕಿಸುತ್ತೇನೆ.

ಅವನು ಕಾಯಿ ಬಿಡಿಸುತ್ತಲೇ ಎಲ್ಲ ಕೇಳಿದ. ಆಮೇಲೆ ಕೈ ಒರೆಸಿಕೊಂಡು ಹೇಳಿದ:

"ಅದೆಲ್ಲ ಇರ್ಲಿ ಸಾವ್ಕಾರ್ರೇ. ನಮ್ಮ ಉಲ್ಟಾ ಪಾಠ ಒಪ್ಸಿ ನೋಡಾನ. ಶಿರಾದಿಂದ ಹೊಳವನಹಳ್ಳಿ, ದೊಡ್ಡ ಸ್ಟಾಪು ಮಾತ್ರ."

ಉಲ್ಟಾ ಪಾಠ ನಾನೇ ಮಾಡಿದ ನಿಯಮ. ಬೆಳಿಗ್ಗೆ ಕೀಲಿಕೈ ಕೊಡುವ ಮೊದಲು ಪ್ರತಿ ಡ್ರೈವರೂ ತನ್ನ ಲೈನಿನ ಊರುಗಳನ್ನು ಕೊನೆಯಿಂದ ಮೊದಲಿಗೆ ಹೇಳಬೇಕು. ತಡವರಿಸಿದರೆ ನಿದ್ದೆ ಸಾಲದು, ತಲೆ ಬಳಲಿದೆ ಎಂದು ಅರ್ಥ. ಅವತ್ತು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. ಇಪ್ಪತ್ತು ವರ್ಷ ಎಷ್ಟೋ ಜನರನ್ನು ಹಾಗೆ ಮನೆಗೆ ಕಳಿಸಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಇದೇನು ಹುಡುಗಾಟ," ಎನ್ನುತ್ತ ಶುರುಮಾಡಿದೆ. "ಹೊಳವನಹಳ್ಳಿ. ಕೊರಟಗೆರೆ. ಬಡವನಹಳ್ಳಿ. ಶಿರಾ."

ಅಂಜಿನಪ್ಪ ಹೆಂಡತಿಯ ಕಡೆ ನೋಡಿದ. ನೀರು ತಂದ ಗಂಗಮ್ಮ ಬಾಗಿಲಲ್ಲೇ ನಿಂತಳು.

"ಮಧುಗಿರಿ ಎಲ್ಲೋಯ್ತು ಸಾಮೀ?"

ನಾನು ಹುಟ್ಟಿದ ಊರು. ಆಫೀಸು, ಶೆಡ್ಡು, ಹೆಂಡತಿ, ಮಕ್ಕಳು ಎಲ್ಲ ಇರುವ ಊರು. ಅದನ್ನೇ ಬಿಟ್ಟು ಹೇಳಿದ್ದೆ, ಬಿಟ್ಟದ್ದು ಗೊತ್ತೂ ಆಗಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬ್ರೇಕಿಲ್ಲದ ಬಸ್ಸಿನಲ್ಲಿ ಅವತ್ತು ಐವತ್ತು ಜನ ಕೂತಿದ್ದರು ಎಂಬುದು ಆ ಮಂಚದ ಮೇಲೆ ಮೊದಲ ಸಲ ಎದೆಗೆ ತಟ್ಟಿತು.

ಅಂಜಿನಪ್ಪ ಮೆತ್ತಗೆ ಹೇಳಿದ: "ವರ್ಸದಿಂದ ನೋಡ್ತಿವ್ನಿ. ಕೇಳಿದ್ದಕ್ಕೆ ತಡವಾಗಿ ಜವಾಬು ಕೊಡ್ತೀರ. ಸುಮ್ಸುಮ್ನೆ ರೇಗ್ತೀರ. ಡ್ರೈವರು ಹಿಂಗಾದ್ರೆ ನೀವು ಸ್ಟೇರಿಂಗ್ ಕೊಡ್ತಿದ್ರಾ? ಬ್ರೇಕಿಲ್ದಿದ್ದ ಬಸ್ಸು ಹೆಂಗೋ ನಿಲ್ಸಿದೆ. ನಿಮ್ಮನ್ನ ನಿಲ್ಸೋಕೆ ನಂಗೆ ಬರ್ಲಿಲ್ಲ, ಅದ್ಕೇ ಬಂದ್ಬುಟ್ಟೆ."

"ಈಗ ಏನು ಮಾಡಬೇಕು ಹೇಳು."

"ಡ್ರೈವರ್‌ಗಿರೋ ರೂಲೇ ನಿಮ್ಗೂ. ಹದಿನೈದು ದಿನ ಚಾರ್ಟು ಮುಟ್ಟಂಗಿಲ್ಲ, ಶಿವಣ್ಣೋರು ಬರೀಲಿ. ಆಮೇಲೂ ವಾರಕ್ಕೆರಡು ದಿನ ಅವರ್ದೇ. ಒಪ್ಪಿದ್ರೆ ನಾಳೆ ಬತ್ತೀನಿ. ಸಂಬಳ ಏನೂ ಏರಿಸ್ಬೇಡಿ."

ಒಪ್ಪಿದೆ. ಒಪ್ಪಿದ ಕೂಡಲೇ ಮೈಯೆಲ್ಲ ಸಡಿಲವಾಗಿ, ಅಳು ಬರುವಂತಾಯಿತು. ಗಂಗಮ್ಮ ಮುದ್ದೆ, ಹುರುಳಿ ಸಾರು, ಕಡಲೆಕಾಯಿ ಚಟ್ನಿ ಬಡಿಸಿದಳು. ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು; ಎಷ್ಟೋ ತಿಂಗಳ ಮೇಲೆ ಊಟಕ್ಕೆ ರುಚಿಯಿದೆ ಎಂದು ಗೊತ್ತಾಯಿತು. ಊಟವಾದ ಮೇಲೆ ಹೊಂಗೆ ನೆರಳಲ್ಲಿ ಹತ್ತು ನಿಮಿಷ ಎಂದು ಒರಗಿದೆ. ಎಚ್ಚರವಾದಾಗ ಕೋಳಿ ಕೂಗುತ್ತಿತ್ತು. ಮಂಚ ನನ್ನ ಸಮೇತ ಜಗಲಿಗೆ ಬಂದಿತ್ತು, ಮೈಮೇಲೆ ಎರಡು ಕಂಬಳಿಗಳಿದ್ದವು. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಪಾವಗಡಕ್ಕೆ ಬಂದು ಮಧುಗಿರಿ ಬಸ್ಸು ಹತ್ತಿದೆವು. ಅಂಜಿನಪ್ಪ ಡ್ರೈವರ್ ಪಕ್ಕ ಹೋಗಿ ಹರಟೆಗೆ ಕೂತ. ಈ ಸಲ ಬಸ್ಸು ಎಲ್ಲೆಲ್ಲಿ ಎಷ್ಟು ಹೊತ್ತು ನಿಂತಿತೋ ನಾನು ನೋಡಲಿಲ್ಲ. ರಸ್ತೆಯ ಎರಡೂ ಕಡೆ ಕಿತ್ತು ಮುಗಿದ ಕಡಲೆಕಾಯಿ ಹೊಲಗಳು, ಅವುಗಳಲ್ಲಿ ಉಳಿದ ಕಾಯಿ ಆಯುತ್ತಿದ್ದ ಹೆಂಗಸರು. ಈ ಸೀಮೆಯಲ್ಲೇ ಬದುಕಿದವನಿಗೆ ಇದೆಲ್ಲ ಹೊಸತಾಗಿ ಕಂಡದ್ದು ತಮಾಷೆಯೇ.

ಮಧುಗಿರಿಯಲ್ಲಿ ಇಳಿದಾಗ ಒಂದೂವರೆ. ಒಂದು ಇಪ್ಪತ್ತರ ಶಿರಾ ಬಸ್ಸು ಹೊರಟುಹೋಗಿತ್ತು, ನಾನಿಲ್ಲದೆ, ಸರಿಯಾದ ಹೊತ್ತಿಗೆ. ಶಿವಣ್ಣ ಚಾರ್ಟನ್ನು ತೋರಿಸಲು ಹೆದರುತ್ತ ಎರಡು ಕೈಯಲ್ಲಿ ಹಿಡಿದು ಬಂದ. ಅವನ ಅಕ್ಷರ ನನ್ನದಕ್ಕಿಂತ ದುಂಡಾಗಿತ್ತು. ಆರನೇ ನಂಬರಿನ ಮುಂದೆ 'ರಿಪೇರಿ' ಎಂದು ಬರೆದಿದ್ದ. "ನಾಳೆಯದೂ ನೀನೇ ಬರಿ," ಎಂದು ಹೇಳಿ ಮನೆಯ ಕಡೆ ನಡೆದೆ.

ಬಾಗಿಲಲ್ಲಿ ನನ್ನನ್ನು ಕಂಡ ಹೆಂಡತಿ ಪಾರ್ವತಿಯ ಕೈಯಿಂದ ಮೊರ ಜಾರಿತು. ಹಿಂದಿನ ರಾತ್ರಿ ಮನೆಗೆ ಬಂದಿರಲಿಲ್ಲ; ಮೇಲಾಗಿ ನಡುಹಗಲಲ್ಲಿ ನಾನು ಮನೆಗೆ ಬಂದದ್ದು ಅಲ್ಲಿಯವರೆಗೆ ಎರಡೇ ಸಲ: ಅಪ್ಪ ತೀರಿಕೊಂಡ ದಿನ, ಹೊಳವನಹಳ್ಳಿ ಬಳಿ ನಮ್ಮ ಬಸ್ಸು ಮಗುಚಿದ ದಿನ.

"ಯಾವ ಬಸ್ಸು?" ಎಂದಳು. "ಎಷ್ಟು ಜನ?"

"ಯಾವ ಬಸ್ಸೂ ಇಲ್ಲ ಕಣೆ. ಊಟಕ್ಕೆ ಬಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ನಿಜ ಎಂದು ಖಾತ್ರಿಯಾದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಮಧ್ಯಾಹ್ನಕ್ಕೆ ನಿಮ್ಮ ಪಾಲಿನ ಅನ್ನ ಇಡೋದನ್ನ ಬಿಟ್ಟು ಎಷ್ಟೋ ವರ್ಷ ಆಯ್ತಲ್ಲ ರೀ."

"ಈಗ ಇಡು," ಎಂದು ಒಲೆಯ ಪಕ್ಕ ಮಣೆ ಎಳೆದುಕೊಂಡು ಕೂತೆ. "ಕಾಯ್ತೀನಿ."