ತೌಡು ಕೊಟ್ಟು ತಂದ ಮಗು

ಮದುವೆಯಾಗಿ ಹನ್ನೆರಡು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಶ್ರೀನಿವಾಸಪುರದಲ್ಲಿ ನಮ್ಮ ಯಜಮಾನರು ಪ್ರೈಮರಿ ಶಾಲೆಯ ಮೇಷ್ಟ್ರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಸೊಸೆ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವಳಿಗೆ ಹುಟ್ಟಿದ ಎರಡು ಮಕ್ಕಳೂ ವರ್ಷ ತುಂಬುವ ಮೊದಲೇ ತೀರಿಹೋಗಿದ್ದವು. ಯುದ್ಧ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆಗೂ ಬಟ್ಟೆಗೂ ಪರದಾಡುತ್ತಿದ್ದೆವು. ಆಗ ಅವಳು ಮೂರನೆಯದನ್ನು ಹೆತ್ತಳು. ಗಂಡು.

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಬೇರೆಯವರಿಗೆ ಮಾರಿದ ಹಾಗೆ ಮಾಡುವ ಪದ್ಧತಿ ನಮ್ಮ ಕಡೆ ಇತ್ತು. ಕೊಳ್ಳುವವರು ಅದಕ್ಕೆ ಕೊಡುವುದು ಒಂದಿಷ್ಟು ತೌಡು. ಅಲ್ಲಿಂದ ಮುಂದೆ ಕೂಸು ಕೊಂಡವರದು. ಹಾಲು ಕುಡಿಸುವುದು, ರಾತ್ರಿ ಮಲಗಿಸಿಕೊಳ್ಳುವುದು ಹೆತ್ತವಳೇ ಆದರೂ ಅವಳು ಅದನ್ನು 'ನನ್ನ ಮಗು' ಎನ್ನಬಾರದು, ಅದರ ಮೈಮೇಲಿನ ಒಂದು ದಾರವನ್ನೂ ಹೆತ್ತವರು ತರಬಾರದು. ಸಾವು ಬಂದು ಹುಡುಕಿದರೆ ಆ ಮನೆಯಲ್ಲಿ ಮಗುವೇ ಇಲ್ಲ ಎಂದಾಗಬೇಕು. ವರ್ಷ ತುಂಬಿದ ಮೇಲೆ ತೌಡು ಹಿಂದಿರುಗಿಸಿ ಮಗುವನ್ನು ವಾಪಸು ಕೊಂಡುಕೊಳ್ಳುತ್ತಾರೆ. ಆದರೆ ನಮ್ಮ ಬೀದಿಯಲ್ಲಿ ಕೊಳ್ಳುವುದಕ್ಕೆ ಯಾರೂ ಒಪ್ಪಲಿಲ್ಲ. ಆ ಮನೆಯ ದೋಷ ತಮ್ಮ ಮಕ್ಕಳಿಗೆ ತಗುಲಿಬಿಟ್ಟರೆ ಎಂದು ಮಕ್ಕಳಿದ್ದವರಿಗೆಲ್ಲ ಭಯ. ಕಡೆಗೆ ಕೂಸಿನ ಅಜ್ಜಿ, ಅಂದರೆ ಅವಳ ಅತ್ತೆ, ಮಗುವನ್ನು ಮೊರದಲ್ಲಿ ಮಲಗಿಸಿಕೊಂಡು ನಮ್ಮ ಬಾಗಿಲಿಗೇ ಬಂದರು.

"ನೋಡು ತಾಯಿ, ನಿಂಗೆ ಕಳ್ಕೊಳ್ಳೋಕೆ ಏನಿದೆ? ನೀನೇ ಕೊಂಡ್ಕೋ. ಬರೀ ಶಾಸ್ತ್ರಕ್ಕೆ ಕಣಮ್ಮ" ಅಂದರು.

ಬೇರೆ ದಿನವಾಗಿದ್ದರೆ ಆ ಮುದುಕಿಗೆ ಸರಿಯಾಗಿ ಕೊಟ್ಟು ಕಳಿಸುತ್ತಿದ್ದೆ. ನನ್ನ ಬಾಯಿ ಎಂಥದು ಅಂತ ಬೀದಿಗೆಲ್ಲ ಗೊತ್ತಿತ್ತು. ಆದರೆ ಮೊರದಲ್ಲಿದ್ದದ್ದು ಮುಷ್ಟಿ ಬಿಗಿಹಿಡಿದುಕೊಂಡು, ಮೂಗು ಕೆಂಪು ಮಾಡಿಕೊಂಡು ನಿದ್ದೆ ಮಾಡುತ್ತಿತ್ತು. ನಾನು ಒಳಗೆ ಹೋಗಿ ಎಮ್ಮೆಗೆ ಇಟ್ಟಿದ್ದ ತೌಡನ್ನು ತಂದು ಅವರ ಸೆರಗಿಗೆ ಸುರಿದೆ. ಅವರು ಮೊರವನ್ನು ನನ್ನ ಕೈಗೆ ಕೊಟ್ಟರು. ಹಗುರವಾಗಿದ್ದರೂ ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದೆ.

ಸಂಜೆ ಯಜಮಾನರು ಶಾಲೆಯಿಂದ ಬಂದು ವಿಷಯ ತಿಳಿದು ನಕ್ಕರು. "ಏನೇ, ನನ್ನನ್ನ ಒಂದ್ ಮಾತೂ ಕೇಳ್ದೆ ಅಪ್ಪನ್ನ ಮಾಡ್ಬಿಟ್ಟೆಯಾ?"

"ನಿಮ್ಮನ್ನ ಕೇಳ್ತಾ ಕೂತಿದ್ರೆ ಇನ್ನೂ ಹನ್ನೆರಡು ವರ್ಷ ಆಗ್ತಿತ್ತು" ಅಂದೆ. ಪಾಪ, ನಗು ನಿಲ್ಲಿಸಿ ಕಾಲು ತೊಳೆಯಲು ಹಿತ್ತಲಿಗೆ ಹೋದರು. ಹಾಗೆ ಅನ್ನಬಾರದಿತ್ತು.

ನಾಮಕರಣಕ್ಕೆ ಮೊದಲು ಎಲ್ಲವೂ ಬೇಕಿತ್ತಲ್ಲ. ಚಿಕ್ಕ ರೈಲು ಹತ್ತಿ ಇಬ್ಬರೂ ಕೋಲಾರಕ್ಕೆ ಹೋದೆವು. ಆ ರೈಲು ದಾರಿಯುದ್ದಕ್ಕೂ ಏದುಸಿರು ಬಿಡುತ್ತ, ಕಂಡಲ್ಲೆಲ್ಲ ನಿಲ್ಲುತ್ತ ಹೋಗುತ್ತಿತ್ತು; ನನಗೋ ಇಳಿದು ಓಡಿಬಿಡೋಣ ಅನ್ನುವಷ್ಟು ಆತುರ. ಪೇಟೆಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಕೂಸಿನ ಸಾಮಾನು ಮಾರುವ ಅಂಗಡಿಗಳ ಕಡೆ ನಾನು ಅದುವರೆಗೆ ಕಣ್ಣೆತ್ತಿ ನೋಡಿರಲಿಲ್ಲ. ಬಳೆ ಅಂಗಡಿಯ ಸಾಬರು ಕಪ್ಪು ಬಳೆಗಳ ಸರವನ್ನು ಬಿಚ್ಚುತ್ತ ಕೇಳಿದರು:

"ಯಾರಿಗಮ್ಮಾ? ಮೊಮ್ಮಗೂಗಾ?"

"ಏನ್ರೀ ಸಾಬ್ರೇ, ನನ್ನ ತಲೇಲಿ ಒಂದಾದ್ರೂ ಬಿಳೀ ಕೂದ್ಲು ಕಾಣ್ಸುತ್ತಾ? ನನ್ನ ಮಗನಿಗೆ!"

ಮಾತು ಬಾಯಿಂದ ಬಿದ್ದೇ ಹೋಯಿತು. ಯಜಮಾನರು ನನ್ನ ಮುಖ ನೋಡಿದರು. ನಾನು ಅವರ ಕಡೆ ತಿರುಗಲೇ ಇಲ್ಲ, ಬಳೆಗಳನ್ನು ಹೆಬ್ಬೆರಳಿಗೆ ಹಾಕಿ ಅಳತೆ ನೋಡುತ್ತ ನಿಂತೆ. ಅಲ್ಲಿಂದ ಮುಂದೆ ನನಗೆ ಹುಚ್ಚೇ ಹಿಡಿಯಿತು ಅನ್ನಿ. ಕಿವಿ ಮುಚ್ಚುವಂಥ ಕುಲಾವಿ, ಹಾಲು ಹನಿಸುವ ಒಳಲೆ, ಗಿಲಕಿ, ಸೊಂಟಕ್ಕೆ ಕಪ್ಪು ಉಡಿದಾರ, ಹೊಟ್ಟೆನೋವಿಗೆ ತೇಯ್ದು ನೆಕ್ಕಿಸಲು ಬಜೆ, ಗ್ರೈಪ್ ವಾಟರಿನ ಸೀಸೆ. ಹೊಸ ಬಟ್ಟೆ ಸಿಗುವುದೇ ಕಷ್ಟವಾಗಿದ್ದರಿಂದ ನನ್ನ ಮದುವೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ ಅಂಗಿ ಹೊಲಿದೆ. ಕಾಲಿಗೆ ಬೆಳ್ಳಿಯ ಕಡಗ ಬೇಕೆಂದು ಹಟ ಹಿಡಿದಾಗ ಮಾತ್ರ ಯಜಮಾನರು ತಡೆದರು.

"ಒಂದು ವರ್ಷದ ಮಾತು ಕಣೇ. ಅಷ್ಟೊಂದು ಹಚ್ಕೋಬೇಡ."

"ಗೊತ್ತು ಬಿಡಿ, ನಾನೇನು ಕೂಸಾ?" ಅಂದೆ. ಕಡಗವನ್ನೂ ತೆಗೆದುಕೊಂಡೆ.

ಪಕ್ಕದ ಮನೆಯ ಕೆಲಸವೆಲ್ಲ ಆ ಸೊಸೆಯ ತಲೆಯ ಮೇಲಿತ್ತಾದ್ದರಿಂದ ಮಗು ಹಗಲೆಲ್ಲ ನನ್ನ ಹತ್ತಿರವೇ ಇರುತ್ತಿತ್ತು. ಹಸಿದಾಗ ಅವಳಿಗೆ ಕೊಡುತ್ತಿದ್ದೆ. ಅವಳು ಗೋಡೆಯ ಕಡೆ ತಿರುಗಿ ಕೂತು, ಮಗುವಿನ ಮುಖವನ್ನೂ ನೋಡದೆ ಹಾಲು ಕುಡಿಸಿ, "ತಗೊಳ್ಳಿ ಅಕ್ಕಾ, ನಿಮ್ಮ ಮಗ" ಎಂದು ವಾಪಸು ಕೊಡುತ್ತಿದ್ದಳು. ನಾನು ಅದನ್ನು ನಂಬಿದೆ. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ನೀರು ಹಾಕುವುದನ್ನು ಯಾರೂ ಹೇಳಿಕೊಡದೆ ಕಲಿತೆ. ಕುತ್ತಿಗೆ ನಿಂತಿತು. ಒಂದು ಮಧ್ಯಾಹ್ನ ನನ್ನನ್ನೇ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಅಯ್ಯೋ, ಆ ನಗುವಿಗೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಳುವುದನ್ನು ಕಂಡು ಅದು ಇನ್ನಷ್ಟು ನಗಬೇಕೆ!

ಅದು ಬೋರಲು ಬಿದ್ದ ದಿನ ಬೀದಿಗೆಲ್ಲ ಒಬ್ಬಟ್ಟು ಹಂಚಿದೆ. ಅಂಬೆಗಾಲಿಟ್ಟ ದಿನ ಪಾಯಸ. ನಮ್ಮ ಕಡೆ ತೆಲುಗು ಮನೆ ಕನ್ನಡ ಮನೆ ಅಂತಿಲ್ಲ, ಕೂಸು ಹೊಸದೇನು ಮಾಡಿದರೂ ಅದಕ್ಕೊಂದು ಸಿಹಿ ಆಗಲೇಬೇಕು. ಪಕ್ಕದ ಮನೆಗೂ ಕೊಟ್ಟು ಬರುತ್ತಿದ್ದೆ. ಅವಳು ತಟ್ಟೆಯನ್ನು ತೆಗೆದುಕೊಂಡು, "ಹೌದಾ? ಸಂತೋಷ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ಎಂಥ ಕಲ್ಲು ಮನಸ್ಸಿನವಳಪ್ಪಾ ಅಂದುಕೊಳ್ಳುತ್ತಿದ್ದೆ. ಒಮ್ಮೆ ಮಗುವಿಗೆ ಹಲ್ಲು ಬರುವಾಗ ಜ್ವರ ಬಂತು. ಒದ್ದೆ ಬಟ್ಟೆ ಹಾಕುತ್ತ ನಾನು ತೊಟ್ಟಿಲ ಬಳಿ ಕೂತಿದ್ದರೆ ಅವಳು ನಮ್ಮ ಬಾಗಿಲ ಹೊರಗೆ, ಒಳಕ್ಕೂ ಬಾರದೆ ಮನೆಗೂ ಹೋಗದೆ, ಬೆಳಗಿನಿಂದ ನಿಂತೇ ಇದ್ದಳು. "ಬಾರೇ ಒಳಗೆ" ಅಂದರೆ ಬೇಡವೆಂದು ತಲೆಯಾಡಿಸಿದಳು. ಅವಳ ತುಟಿಯಲ್ಲಿ ರಕ್ತ ಬಂದಿತ್ತು, ಅಷ್ಟು ಬಿಗಿಯಾಗಿ ಕಚ್ಚಿಕೊಂಡಿದ್ದಳು. ಜ್ವರ ಬಿಟ್ಟ ಮೇಲೆ ನಾನೇ ಹೋಗಿ ಹೇಳಿದೆ. ಅವಳು ಒಲೆಯ ಮುಂದೆ ಕೂತುಬಿಟ್ಟಳು.

ಯಲ್ದೂರಿನ ಬಡಗಿಯೊಬ್ಬನಿಂದ ಮೂರು ಗಾಲಿಯ ನಡೆಗಾಡಿ ಮಾಡಿಸಿ ತಂದಾಗ ವರ್ಷ ತುಂಬುವುದಕ್ಕೆ ಸ್ವಲ್ಪವೇ ದಿನ ಉಳಿದಿತ್ತು. ಮಗು ಅದನ್ನು ಹಿಡಿದುಕೊಂಡು ನಿಲ್ಲುತ್ತಿತ್ತು, ಕೈ ಬಿಟ್ಟರೆ ಧಪ್ಪೆಂದು ಕೂರುತ್ತಿತ್ತು. ಮೊದಲ ಹೆಜ್ಜೆ ನಮ್ಮ ಮನೆಯಲ್ಲೇ ಇಡಲಿ ದೇವರೇ, ಇನ್ನೇನೂ ಬೇಡ ಎಂದು ನಾನು ದಿನವೂ ಕೈಮುಗಿಯುತ್ತಿದ್ದೆ. ಅಜ್ಜಿಯ ಹತ್ತಿರ ಹೋಗಿ, "ಇನ್ನೊಂದಾರು ತಿಂಗಳು ನನ್ ಹತ್ರಾನೇ ಇರ್ಲಿ, ಒಳ್ಳೇದಲ್ವಾ ಮಗೂಗೆ?" ಅಂತಲೂ ಕೇಳಿದೆ.

"ಸಾಲ್ದೇನಮ್ಮಾ ಇಷ್ಟು ದಿನ ಆಡ್ಸಿದ್ದು? ಹೆತ್ತೋಳ ಮುಖ ನೋಡು" ಅಂದರು. ನಾನು ನೋಡಲಿಲ್ಲ. ನನಗೆ ಆಗ ಅವಳ ಮೇಲೆ ಹೊಟ್ಟೆ ಉರಿಯುತ್ತಿತ್ತು.

ಆ ದಿನ ಬಂದೇ ಬಂತು. ಅಜ್ಜಿ ಮೊರದಲ್ಲಿ ತೌಡು, ವೀಳ್ಯದೆಲೆ, ತೆಂಗಿನಕಾಯಿ ತಂದು ನನ್ನ ಮುಂದಿಟ್ಟರು. ಮಗು ಈಗ ಅವರ ಮನೆಯಲ್ಲಿ ಹೊಸದಾಗಿ ಹುಟ್ಟಿದ ಹಾಗೆ. ಆದ್ದರಿಂದ ನಾನು ಕೊಂಡದ್ದು ಒಂದೂ ಅದರ ಮೈಮೇಲೆ ಇರಕೂಡದಂತೆ. ಎರಡು ಮನೆಗೂ ಸೇರಿದ ಅಂಗಳದಲ್ಲಿ ಕೂತು ನಾನೇ ಒಂದೊಂದಾಗಿ ಬಿಚ್ಚಿದೆ. ಕುಲಾವಿ, ಅಂಗಿ, ಕಪ್ಪು ಬಳೆ, ಉಡಿದಾರ. ಕಡಗ ಬಿಗಿಯಾಗಿತ್ತು, ಎಣ್ಣೆ ಹಚ್ಚಿ ತೆಗೆಯಬೇಕಾಯಿತು. ಮಗು ಆಟವೆಂದುಕೊಂಡು ಕಾಲು ಚಾಚಿತು. ಅವಳು ಎದುರಿಗೆ ತನ್ನ ಮನೆಯ ಮೆಟ್ಟಿಲ ಹತ್ತಿರ ಹೊಸ ಅಂಗಿ ಹಿಡಿದು ಕುಕ್ಕುರುಗಾಲಿನಲ್ಲಿ ಕೂತಿದ್ದಳು.

ನಾನು ಬರಿಮೈಯ ಮಗುವನ್ನು ನೆಲದ ಮೇಲೆ ನಿಲ್ಲಿಸಿದೆ. ಅವಳು ಎರಡೂ ಕೈ ಚಾಚಿ, ವರ್ಷವಿಡೀ ಒಮ್ಮೆಯೂ ಕರೆಯದಿದ್ದವಳು, "ಬಾರೋ ನನ್ನ ಕಂದಾ" ಅಂದಳು.

ಅದು ನನ್ನ ಬೆರಳು ಬಿಟ್ಟಿತು. ತೂರಾಡಿತು, ನಿಂತಿತು, ಒಂದು ಹೆಜ್ಜೆ ಇಟ್ಟಿತು, ಇನ್ನೊಂದು, ಮತ್ತೂ ಒಂದು. ಹೋಗಿ ಅವಳ ಎದೆಯ ಮೇಲೆ ಬಿತ್ತು.

"ನಡೆದ್ಬಿಟ್ಟ! ನೋಡ್ರೇ, ನಡೆದ್ಬಿಟ್ಟ ನನ್ನ ರಾಜ!" ಎಂದು ಕೂಗಿದವಳು ನಾನು. ಸಂತೋಷವೋ ಸಂಕಟವೋ, ಎರಡೂ ಒಟ್ಟಿಗೆ ನುಗ್ಗಿ ಬಂದಿದ್ದವು. ಅವಳು ಥಟ್ಟನೆ ಸೆರಗೆಳೆದು ಮಗುವಿನ ಮುಖ ಮುಚ್ಚಿದಳು. ಅಜ್ಜಿ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು.

ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನನ್ನ ಹತ್ತಿರ ಬಂದು ಕಾಲ ಬಳಿ ಬಗ್ಗಿದಳು. ನಮಸ್ಕಾರ ಮಾಡುತ್ತಾಳೆಂದು ಹರಸಲು ಕೈ ಎತ್ತಿದೆ. ಅವಳು ನನ್ನ ಪಾದದ ಪಕ್ಕದಿಂದ ಚಿಟಿಕೆ ಮಣ್ಣು ತೆಗೆಯಲು ಕೈ ಚಾಚಿದ್ದಳು. ಯಾರ ದೃಷ್ಟಿ ತಗುಲಿತೆಂದು ಅನುಮಾನವೋ ಅವರ ಕಾಲಡಿಯ ಮಣ್ಣನ್ನು ಮಗುವಿಗೆ ನಿವಾಳಿಸಿ ಒಲೆಗೆ ಹಾಕುತ್ತಾರೆ. ಮಕ್ಕಳಿಲ್ಲದವಳ ಕಣ್ಣು ಎಂದರೆ ಯಾರಿಗೆ ಭಯವಿಲ್ಲ?

ಅವಳು ತಲೆಯೆತ್ತದೆಯೇ, "ಬೇಜಾರ್ ಮಾಡ್ಕೋಬೇಡಿ ಅಕ್ಕಾ, ನಂಗೆ ಭಯ" ಅಂದಳು. ಎರಡು ಕಳೆದುಕೊಂಡವಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಗಾರೆ ಬಳಿದ ಅಂಗಳ, ಅಲ್ಲಿ ಮಣ್ಣೆಲ್ಲಿ ಸಿಗಬೇಕು? ಅವಳ ಬೆರಳುಗಳು ಸುಮ್ಮನೆ ತಡಕಾಡುತ್ತಿದ್ದವು.

ಅಂಟಿದ ಧೂಳಾದರೂ ಅವಳಿಗೆ ಸಿಗಲಿ ಎಂದು ನಾನೇ ಕಾಲೆತ್ತಿ ಅಂಗಾಲು ತೋರಿಸಿದೆ.