ಹಿಮವನ್ನು ನಂಬದ ಡೊರೊಥಿ ಮೇಡಂ

ಜಪಾನಿನ ಮರದಚ್ಚಿನ ಚಿತ್ರಗಳನ್ನು ಬಲ್ಲವರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಅವುಗಳಲ್ಲಿನ ಹಿಮವನ್ನು ನಂಬದೆ ನೋಡಬಲ್ಲವರು, ನನಗೆ ತಿಳಿದಂತೆ, ಶ್ರೀಮತಿ ಡೊರೊಥಿ ಲೋಬೊ ಅವರೊಬ್ಬರೇ. ಮಲೇಷ್ಯಾದ ನಿಲಾಯ್‌ನಲ್ಲಿರುವ ನಮ್ಮ ವಿಶ್ವವಿದ್ಯಾಲಯದ ಕಾಗದ ಸಂರಕ್ಷಣಾ ವಿಭಾಗದಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರನ್ನು ಸಂಶಯಪಿಶಾಚಿ ಎಂದು ಆಡಿಕೊಂಡವರೇ ಅಭಿನಂದನ ಸಮಿತಿಯಲ್ಲಿ ಸಾಲಾಗಿ ಕುಳಿತಿರುವುದನ್ನು ಕಂಡರೆ ನನಗೂ ಕೊಂಚ ಅನುಮಾನವೇ. ಇರಲಿ, ಅದೂ ಅವರಿಂದಲೇ ಕಲಿತ ವಿದ್ಯೆ.

ನಾನು ಸಹಾಯಕಿಯಾಗಿ ಸೇರಿದ ಮೊದಲ ವಾರವೇ ಅವರು ಹೇಳಿಕೊಟ್ಟರು: ಈ ಚಿತ್ರಗಳಲ್ಲಿ ನೆಲದ ಹಿಮವು ಬಹುಮಟ್ಟಿಗೆ ಬಣ್ಣವಲ್ಲ, ಬಣ್ಣ ತಾಗದೆ ಉಳಿದ ಬರಿಯ ಕಾಗದ, ಬೀಳುವ ಹಿಮ ಮಾತ್ರ ಕೆಲವೊಮ್ಮೆ ಚಿಪ್ಪಿನ ಪುಡಿಯ ಬಿಳಿಯನ್ನು ಎರಚಿ ಮಾಡಿದ್ದು. ಇಲ್ಲಿನ ಸೆಕೆಯಲ್ಲಿ ಬೂಷ್ಟಿನ ಚುಕ್ಕೆಯೂ ಬಿಳಿಯೇ ಆದ್ದರಿಂದ, ಬೂಷ್ಟು ತೆಗೆಯಲು ಬ್ರಷ್ ಹಿಡಿದ ಕೈಯನ್ನೇ ಮೊದಲು ಅನುಮಾನಿಸಬೇಕೆಂಬುದು ಅವರ ನಿಯಮ. ಊಟ ಮರೆತು ಕುಳಿತ ದಿನ ಮಾಮಕ್ ಅಂಗಡಿಯಿಂದ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ, ರೊಟ್ಟಿಯನ್ನು ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿ ತರುತ್ತಿದ್ದರು. ತಿಂದ ಮೇಲೆ ಕೈ ತೊಳೆದೆನೋ ಇಲ್ಲವೋ ಎಂದು ಮೂಸಿಯೂ ನೋಡುತ್ತಿದ್ದರು!

ಕಳೆದ ವರ್ಷ ಪೆಟಾಲಿಂಗ್ ಜಯಾದ ಉದ್ಯಮಿ ದಾಮೋದರ ಅವರು ತಮ್ಮಲ್ಲಿದ್ದ ಹಿಮ ಬೀಳುತ್ತಿರುವ ಊರಿನ ಚಿತ್ರವೊಂದನ್ನು ಚೌಕಟ್ಟಿನಿಂದ ಬಿಡಿಸಿ, ಬೂಷ್ಟು ತೆಗೆಯಲೆಂದು ತಂದುಕೊಟ್ಟರು. ಮರಳಿ ಒಯ್ಯಲು ಬಂದಾಗ, ಹಿಂದೆಂದೋ ಮನೆಯಲ್ಲಿ ತೆಗೆದ ಫೋಟೊವನ್ನು ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿ ಕೂಗಾಡಿದರು.

"ಸ್ನೋ ಎಲ್ಲಿ ಹೋಯ್ತು ಲಾ? ಬೂಷ್ಟು ಅಂತ ಎಲ್ಲಾ ಉಜ್ಜಿ ಹಾಕಿದಾಳೆ ಇವಳು!"

ಚಿತ್ರ ಬಂದೊಡನೆ ನಾನು ತೆಗೆದಿದ್ದ ಫೋಟೊದಲ್ಲಿಯೂ ಹಿಮ ವಿರಳವಾಗಿಯೇ ಇತ್ತು. ಅದು ಉಜ್ಜಿದ ಮೇಲೆ ತೆಗೆದದ್ದೆಂಬುದು ಅವರ ವಾದ. ಕೆಲಸ ಹೋದರೆ ನನ್ನ ವೀಸಾವೂ ಹೋಗುತ್ತಿತ್ತು. ಮೇಡಂ ನನ್ನತ್ತ ತಿರುಗಿದರು.

"ಫೋಟೊ ಮೊದ್ಲಾ, ಬ್ರಷ್ ಮೊದ್ಲಾ? ನಿಜ ಹೇಳು ಮಾರಾಯ್ತಿ."

"ಫೋಟೊನೇ ಮೊದ್ಲು ಮೇಡಂ, ದೇವ್ರಾಣೆ."

ನಂಬಿದ ಲಕ್ಷಣವೇ ಅವರ ಮುಖದಲ್ಲಿರಲಿಲ್ಲ. ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಅವರ ಮೇಲೆ ಸಿಟ್ಟು ಬಂತು. ಮರುದಿನ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ದಾಮೋದರರ ಮನೆಗೆ ಹೋದವರು, ಕೊಟ್ಟ ಚಹಾವನ್ನೂ ಮುಟ್ಟದೆ ಹಳೆಯ ಚೌಕಟ್ಟನ್ನು ಕೇಳಿದರು. ಚಿತ್ರಕ್ಕೂ ಗಾಜಿಗೂ ನಡುವೆ ಕೂದಲೆಳೆಯ ಅಂತರವನ್ನೂ ಬಿಡದೆ ಕಟ್ಟಿಸಿದ್ದ ಚೌಕಟ್ಟು ಅದು. ಮೇಡಂ ಗಾಜಿನ ಹಿಂದೆ ತಮ್ಮ ಕಪ್ಪು ಕೊಡೆಯನ್ನು ಬಿಚ್ಚಿ ಹಿಡಿದರು. ಅಬ್ಬಾ! ಕಾಣೆಯಾದ ಹಿಮವೆಲ್ಲ ಗಾಜಿನ ಒಳಮೈಗೆ ಅಂಟಿಕೊಂಡಿತ್ತು. ಸೆಕೆಗೆ ಬೆವೆತ ಗಾಜು ಚಿತ್ರದ ಬಿಳಿಯನ್ನು ಕಿತ್ತುಕೊಂಡಿತ್ತು.

ದಾಮೋದರರು ಕ್ಷಮೆ ಕೇಳಲು ಮೇಡಂ ಅವರತ್ತ ಬಂದರು.

"ನನಗಲ್ಲ, ಅವಳಿಗೆ ಹೇಳಿ. ತಡೀರಿ, ಮೊದ್ಲು ನಾನು ಹೇಳ್ಬೇಕು," ಎಂದು ಮೇಡಂ ಕೊಡೆ ಮಡಚಿ ನನ್ನೆದುರು ನಿಂತರು. "ಸುಗಂಧಿ, ನಿನ್ನನ್ನೂ ನಂಬ್ಲಿಲ್ಲ ನಾನು. ತಪ್ಪಾಯ್ತು."

ಅವರಿಗೆ ದೀರ್ಘಾಯುಷ್ಯವಿರಲಿ, ಕಣ್ಣು ಎಂದಿಗೂ ಮಂಜಾಗದಿರಲಿ, ನಿವೃತ್ತಿ ಹುದ್ದೆಗೆ ಮಾತ್ರ ಬಂದು ಕೆಲಸ ಮುಂದುವರಿಯಲಿ. ದಾಮೋದರರು ಕೂಗಾಡಿದ ದಿನ, ನನ್ನನ್ನು ನಂಬುತ್ತೇವೆಂದ ವಿಭಾಗದ ಹಲವರು ಸಂಜೆ ತಮ್ಮ ತಮ್ಮ ಮನೆಗೆ ಹೋದರು. ನಂಬದ ಇವರು ಮರುದಿನ ಗಾಜು ನೋಡಲು ಹೋದರು.