ಕೂಗದ ಅಲಾರಂ

ಮದ್ದೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿ ಕಟ್ಟುವ ಜಕೀವುಲ್ಲಾನ ಮಗಳು ಶಬ್ರೀನ್ ಕಂಪ್ಯೂಟರ್ ರಿಪೇರಿಗೆ ಕೂತು ಆರು ವರ್ಷವಾಯಿತು. ಆ ಮಧ್ಯಾಹ್ನ ಮಳವಳ್ಳಿ ರಸ್ತೆಯ ಪಂಕಜಮ್ಮನ ಫೋನು ಬಂತು.

"ಸಬ್ರೀನಾ, ನಿನ್ ಪ್ರೋಗ್ರಾಮು ನಿಂತೋಗದೆ ಕಣಮ್ಮ. ಬಿರ್ನೆ ಬಾ."

ಪಂಕಜಮ್ಮ ರೇಷ್ಮೆಯ ಮರಿಹುಳು ಸಾಕಿ ರೈತರಿಗೆ ಕೊಡುವವರು. ಹುಳುಮನೆಯ ಶಾಖ ಏರಿದರೆ ಕೂಗಿ ಎಚ್ಚರಿಸುವ ಪ್ರೋಗ್ರಾಂ ಬರೆದುಕೊಟ್ಟವಳು ಶಬ್ರೀನೇ. ಹೋದ ತಿಂಗಳು ಹೀಟರ್ ಆರದೆ ಉರಿದು ಶಾಖ ಏರಿ ಒಂದು ಬೆಳೆ ಹುಳು ಪೂರ್ತಿ ಸತ್ತಿದ್ದವು. ಊಟಕ್ಕೆ ಕೂತವಳು ಅಲಾರಂ ಕೂಗಿದರೂ ಏಳಲಿಲ್ಲವೆಂದು ಆಳು ಕವಿತಳನ್ನು ಕೆಲಸದಿಂದ ಬಿಡಿಸಿದ್ದರು. ನಿಜಕ್ಕೂ ಕೂಗಿತ್ತೇ ಎಂದು ಯಾರೂ ಕೇಳಲಿಲ್ಲ. ಶಬ್ರೀನಳೂ ಕೇಳಲಿಲ್ಲ. ಕೇಳಲು ಭಯ, ಅಷ್ಟೇ.

ಹುಳುವಿಗೆ ರೋಗ ತಗಲೀತೆಂದು ಹೊರಗಿನವರು ಹುಳುಮನೆಯೊಳಗೆ ಕಾಲಿಡುವಂತಿಲ್ಲ. ಶಬ್ರೀನ್ ಬಂದು ಜಗಲಿಯ ಕಂಪ್ಯೂಟರಿನ ಮುಂದೆ ಕೂತು ಕರೆಂಟು ನೋಡಿದಳು, ವೈರು ನೋಡಿದಳು. ಎಲ್ಲ ಸರಿಯಿತ್ತು. ಪ್ರೋಗ್ರಾಂ ಸಾಯುವ ಮುಂಚೆ ಬರೆದಿಟ್ಟ ಕೊನೆಯ ಸಾಲಿನಲ್ಲಿ ಶಾಖದ ಜಾಗ ಖಾಲಿ. ಹುಳು ಸತ್ತ ದಿನದ ದಾಖಲೆ ತೆಗೆದಳು. ಅಲ್ಲೂ ಶಾಖದ ಜಾಗ ಖಾಲಿ, ಆಮೇಲೆ ಯಾರೋ ಕಂಪ್ಯೂಟರಿನ ಸ್ವಿಚ್ ಆರಿಸಿ ಹಾಕುವ ತನಕ ಒಂದಕ್ಷರವೂ ಇಲ್ಲ.

"ಇವತ್ತು ಒಳಗೆ ಏನ್ಮಾಡಿದ್ರಿ ಅಮ್ಮಾ?"

"ಏನ್ ಮಾಡಾದು? ಹುಳ ಜ್ವರಕ್ಕೆ ಕೂತವೆ, ಸುಣ್ಣದ ಪುಡಿ ಉದುರಿಸ್ದೆ. ಹುಳ ಸತ್ತ ದಿನಾನೂ ಉದುರಿಸಿದ್ದೆ."

ಹುಳು ಪೊರೆ ಬಿಡುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಆಗ ತೇವ ಹೀರಲಿ ಎಂದು ಸುಣ್ಣ ಹಾಕುವುದು ವಾಡಿಕೆ. ಬಾಗಿಲು ದಾಟದವಳಿಗೆ ಅದು ಗೊತ್ತಾಗುವುದಾದರೂ ಹೇಗೆ?

"ಒಳಗೋಗಿ ಶಾಖ ನೋಡೋ ಸೆನ್ಸರ್ ಒರೆಸಿ," ಎಂದು ಪ್ರೋಗ್ರಾಂ ಮತ್ತೆ ಶುರು ಮಾಡಿದಳು. "ಹೂಂ, ಈಗ ಮತ್ತೆ ಸುಣ್ಣ ಉದುರ್ಸಿ."

ಸೆನ್ಸರಿಗೆ ಸುಣ್ಣ ಮೆತ್ತಿದೊಡನೆ ಪರದೆಯ ಮೇಲೆ ಇಪ್ಪತ್ತೇಳು ಎಂದಿದ್ದ ಅಂಕಿ ಮಾಯವಾಯಿತು. ಮರುಕ್ಷಣ ಪ್ರೋಗ್ರಾಂ ಮುಚ್ಚಿಕೊಂಡಿತು, ಸದ್ದಿಲ್ಲದೆ. ಸೆನ್ಸರಿನಿಂದ ಖಾಲಿ ಉತ್ತರ ಬಂದರೆ ಏನು ಮಾಡಬೇಕೆಂದು ಅವಳು ಬರೆದೇ ಇರಲಿಲ್ಲ.

ಗುಟ್ಟಾಗಿ ತಿದ್ದಿ ಎದ್ದು ಹೋಗಬಹುದಿತ್ತು. ಹೇಳಿದರೆ ಸುತ್ತಲಿನ ಒಂದು ಹುಳುಮನೆಯೂ ಅವಳನ್ನು ಕರೆಯದು.

"ಅಮ್ಮಾ, ಅವತ್ತು ಅಲಾರಂ ಕೂಗೇ ಇಲ್ಲ. ತಪ್ಪು ನಂದು."

ಪಂಕಜಮ್ಮ ಕೈಯ ಸುಣ್ಣ ಒರೆಸಿಕೊಂಡು ಹೊರಬಂದರು. "ನಂಗ್ಯಾಕ್ ಯೋಳ್ತೀಯ? ಅವಳಿಗೆ ಯೋಳು. ನಡಿ, ನಾನೂ ಬತ್ತೀನಿ," ಎಂದರು.

ಕವಿತ ತನ್ನ ಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬೈಗುಳಕ್ಕೆ ಕಾದು ಶಬ್ರೀನ್ ತಲೆ ತಗ್ಗಿಸಿದ್ದಳು.

"ಕೂಗ್ನೇ ಇಲ್ವಾ?" ಎಂದಳು ಕವಿತ. "ನನ್ ಕಿವಿ ಓಯ್ತು ಅನ್ಕಂಡು ಮಂಡ್ಯಕ್ಕೋಗಿ ತೋರಿಸ್ಕಂಡ್ ಬಂದೆ ಕಣಮ್ಮ. ಎಲ್ಲಾ ಸರ್ಯಾಗದೆ ಅಂದ್ರು ಡಾಕ್ಟ್ರು. ನಾನೇ ನಂಬ್ನಿಲ್ಲ."